ಟೆರೇಸಿಗೆ ಕೇಬಲ್ ರೇಲಿಂಗ್: ಮೊದಲು ತುದಿಯ ಕಂಬ ನೋಡಿ

ಕಂಬಗಳ ನಡುವೆ ಸ್ಟೀಲ್ ಕೇಬಲ್ಲುಗಳನ್ನು ಅಡ್ಡಲಾಗಿ ಎಳೆದು ಕಟ್ಟುವ ಕೇಬಲ್ ರೇಲಿಂಗ್ ಕೆಡುವುದು ಹೆಚ್ಚಾಗಿ ಕೇಬಲ್ಲಿನಿಂದಲ್ಲ, ತುದಿಯ ಕಂಬದಿಂದ. 5 ಮೀಟರ್ ಉದ್ದದ ಟೆರೇಸಿನಲ್ಲಿ ಕೈಪಿಡಿಯ (ಕೈ ಹಿಡಿಯುವ ಮೇಲಿನ ಅಡ್ಡಪಟ್ಟಿಯ) ಅಡಿಭಾಗ ನೆಲದಿಂದ 1,050 ಮಿ.ಮೀ. ಎತ್ತರದಲ್ಲಿದ್ದರೆ, 75 ಮಿ.ಮೀ. ಅಂತರದಲ್ಲಿ 13 ಸಾಲು ಬೇಕು. ಒಂದೊಂದನ್ನೂ ಸುಮಾರು 100 ಕಿಲೊ ಬಲದಲ್ಲಿ ಎಳೆದು ಕಟ್ಟಿದರೆ, ತುದಿಯ ಕಂಬವನ್ನು ಒಳಕ್ಕೆ ಜಗ್ಗುವ ಬಲ 1,300 ಕಿಲೊ. ತೆಳು ಪೈಪು ಬಾಗುತ್ತದೆ. ಬಾಗಿದೊಡನೆ ಮೊದಲು ಬಿಗಿದ ಸಾಲುಗಳು ಸಡಿಲ. ಅವನ್ನು ಮತ್ತೆ ಬಿಗಿದರೆ ಕಂಬ ಇನ್ನಷ್ಟು ಬಾಗುತ್ತದೆ.

ಆದ್ದರಿಂದ ತುದಿಗೆ 60×60 ಮಿ.ಮೀ., 4 ಮಿ.ಮೀ. ದಪ್ಪದ ಚೌಕ ಪೈಪು ಹಾಕಿ. ನಡುವಿನ ಕಂಬಗಳಿಗೆ 40×40 ಸಾಕು, ಮೀಟರಿಗೊಂದು. ಕೈಪಿಡಿ ಎರಡೂ ತುದಿಯ ಕಂಬಗಳಿಗೆ ಗಟ್ಟಿಯಾಗಿ ವೆಲ್ಡ್ ಆಗಿರಲೇಬೇಕು. ಕಂಬಗಳ ತಲೆ ಒಳಕ್ಕೆ ವಾಲದಂತೆ ತಡೆಯುವುದು ಅದೇ. ಕಂಬದ ಬುಡದ ಬೇಸ್ ಪ್ಲೇಟಿಗೆ ನಾಲ್ಕು 12 ಮಿ.ಮೀ. ಕೆಮಿಕಲ್ ಆಂಕರ್, ಅಂದರೆ ತೂತಿನಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟು. ಬೋಲ್ಟು ಹಿಡಿಯಬೇಕಾದದ್ದು ಸ್ಲ್ಯಾಬಿನ ಕಾಂಕ್ರೀಟನ್ನು, ಮೇಲಿನ ಟೈಲ್ಸು, ಗಾರೆಯ ದಪ್ಪ ಲೆಕ್ಕಕ್ಕಿಲ್ಲ. ಗೋವಾದ ಹಳೆಯ ಮನೆಗಳಲ್ಲಿ ಕೇಬಲ್ ತುದಿಯನ್ನು ನೇರ ಚಿರೆಕಲ್ಲಿನ ಗೋಡೆಗೆ ಕಟ್ಟುವ ಆಸೆ ಬೇಡ. ಕಲ್ಲು ಪುಡಿಯಾಗಿ ಬೋಲ್ಟು ಕಿತ್ತು ಬರುತ್ತದೆ. ಗೋಡೆಗೆ ಒತ್ತಿಯೇ ಬೇರೆ ಕಂಬ ನಿಲ್ಲಿಸಿ.

ಕೇಬಲ್ 4 ಮಿ.ಮೀ., 1×19 ಹೆಣಿಗೆಯದು, ಅಂದರೆ 19 ತಂತಿಯ ಒಂದೇ ಹುರಿ. 19 ತಂತಿಯ ಏಳು ಹುರಿ ಸೇರಿದ 7×19 ಮೆತ್ತಗಿರುತ್ತದೆ, ಹಾಗೆಯೇ ಹೆಚ್ಚು ಹಿಗ್ಗುತ್ತದೆ. ಮುಂಬೈ, ಗೋವಾದ ಉಪ್ಪುಗಾಳಿಗೆ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. 304ಕ್ಕೆ ಬೇಗ ಚಹಾ ಬಣ್ಣದ ಕಲೆ ಹಿಡಿಯುತ್ತದೆ. ಪುಣೆಯಲ್ಲಿ 304 ನಡೆದೀತು. ಅಂಗಡಿಯವರು ಅಯಸ್ಕಾಂತ ಇಟ್ಟು ತೋರಿಸಿದರೆ ನಂಬಬೇಡಿ, ಅದಕ್ಕೆ ಎರಡೂ ಸರಿಯಾಗಿ ಅಂಟುವುದಿಲ್ಲ. ವ್ಯತ್ಯಾಸವಿರುವುದು 316ರಲ್ಲಿನ 2–3% ಮಾಲಿಬ್ಡಿನಮ್‌ನಲ್ಲಿ, ಅದಕ್ಕೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅಳತೆ 65 ಮೀಟರ್ ಬಂದರೂ 70 ತನ್ನಿ. ಒಂದು ತುದಿಗೆ 13 ಟರ್ನ್‌ಬಕಲ್ (ತಿರುಗಿಸಿ ಕೇಬಲ್ ಬಿಗಿಯುವ ಫಿಟಿಂಗ್), ಇನ್ನೊಂದು ತುದಿಗೆ 13 ಸ್ಥಿರ ಫಿಟಿಂಗ್. ಫ್ಲ್ಯಾಟಾದರೆ ಡ್ರಿಲ್ಲು ಎತ್ತುವ ಮೊದಲೇ ಸೊಸೈಟಿಯ ಒಪ್ಪಿಗೆ ಬರಹದಲ್ಲಿರಲಿ.

ನಡುವಿನ ಕಂಬಗಳ ತೂತು 5–6 ಮಿ.ಮೀ.; ಎಲ್ಲ ಕಂಬಕ್ಕೂ ಒಂದೇ ಪಟ್ಟಿಯಿಂದ ಗುರುತು ಹಾಕಿದರೆ ಸಾಲು ವಾರೆಯಾಗದು. ಬಣ್ಣ ಬಳಿದ ಕಬ್ಬಿಣದ ಕಂಬವಾದರೆ ತೂತಿಗೆ ಪ್ಲಾಸ್ಟಿಕ್ ಬುಷ್ ಬೇಕು. ಕೇಬಲ್ಲಿಗೆ ಟೇಪು ಸುತ್ತಿ, ಟೇಪಿನ ಮೇಲೆಯೇ ಕತ್ತರಿಸಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಂಡು ಫಿಟಿಂಗಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಕಬ್ಬಿಣಕ್ಕೆ ಗ್ರೈಂಡರ್ ಹಿಡಿಯಲು ಬಿಡಬೇಡಿ. ಹಾರಿದ ಪುಡಿ ಸ್ಟೀಲಿನ ಮೇಲೆ ಕೂತು ತುಕ್ಕಿನ ಚುಕ್ಕಿಯಾಗುತ್ತದೆ.

ಬಿಗಿಯುವಾಗ ಅವಸರ ಬೇಡ. ಟರ್ನ್‌ಬಕಲ್‌ಗಳನ್ನು ಮುಕ್ಕಾಲು ಪಾಲು ಬಿಚ್ಚಿಟ್ಟು, ಥ್ರೆಡ್ಡಿಗೆ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಿ. ಸ್ಟೀಲಿಗೆ ಸ್ಟೀಲು ಒಣಗಿ ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕತ್ತರಿಸುವುದೇ ದಾರಿ. ಮೊದಲು ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಜೋಲು ತೆಗೆಯಿರಿ. ನಂತರ ನಡುವಿನ 7ನೇ ಸಾಲಿನಿಂದ ಶುರುಮಾಡಿ, ಒಂದು ಮೇಲೆ, ಒಂದು ಕೆಳಗೆ, ಹೀಗೆ ಅಂಚಿನವರೆಗೆ. ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ ಮುಗಿಸಿ. ಕೇಬಲ್ಲು ತಾನೂ ತಿರುಚಿಕೊಳ್ಳದಂತೆ ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಡಿದಿರಿ. ಪ್ರತಿ ಸುತ್ತಿಗೂ ತುದಿಯ ಕಂಬಕ್ಕೆ ಮಟ್ಟಗೋಲು ಹಿಡಿಯಿರಿ. ಕಂಬ ವಾಲಿದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಕಂಬದ ಕತೆ ನೋಡಿ.

ಎರಡು ಕಂಬಗಳ ನಟ್ಟನಡುವೆ, ಸಾಲುಗಳ ಸಂದಿಗೆ 100 ಮಿ.ಮೀ. ಮರದ ತುಂಡು ಒತ್ತಿ ನೋಡಿ, ತೂರಬಾರದು. ತೂರದಿದ್ದರೆ ಟರ್ನ್‌ಬಕಲ್ ಸಡಿಲವಾಗದಂತೆ ಅದರ ಲಾಕ್‌ನಟ್ ಬಿಗಿಯಿರಿ. ಎರಡು ಮೂರು ವಾರಕ್ಕೆ ಕೇಬಲ್ ಸ್ವಲ್ಪ ಹಿಗ್ಗಿರುತ್ತದೆ, ಆಗ ಇನ್ನೊಂದು ಸುತ್ತು.

ಅಡ್ಡ ಸಾಲು ಮಕ್ಕಳಿಗೆ ಏಣಿಯೇ. ಅಂಬೆಗಾಲು ದಾಟಿದ ಮಗುವಿರುವ ಮೇಲಂತಸ್ತಿಗೆ ನಾವು ಇದನ್ನು ಹೇಳುವುದಿಲ್ಲ, ನೆಟ್ಟಗೆ ನಿಂತ ಸರಳೇ ವಾಸಿ.

ಕಡಲ ಹತ್ತಿರವಾದರೆ ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆಯಿರಿ. ಟೈಲ್ಸ್ ತೊಳೆಯುವ ಆ್ಯಸಿಡ್ ಮಾತ್ರ ರೇಲಿಂಗಿಗೆ ಸಿಡಿಯಕೂಡದು; 316 ಕೂಡ ಅದಕ್ಕೆ ತಡೆಯುವುದಿಲ್ಲ.