ಮಾರ್ಕ 16ನ್ನು 4ನೇ ಶತಮಾನದ ಹಾಳೆಯಲ್ಲಿ ನೋಡುದು ಹೇಗೆ

ಹಳೇ ಬೈಬಲ್ ಕೈಬರಹ ನೋಡ್ಲಿಕ್ಕೆ ಲಂಡನ್ನಿಗೆ ಹೋಗ್ಬೇಕಂತ ಇಲ್ಲ ಮಾರಾಯ್ರೆ, ಕಂಕನಾಡಿಯಲ್ಲಿ ಕೂತೇ ಆಗ್ತದೆ, ಕರೆಂಟು ಇದ್ರೆ ಸಾಕು. ಗ್ರೀಕ್ ನಂಗೂ ಬರುದಿಲ್ಲ. ಒಂದೇ ಮಾತು, ಮೊದಲ ಪುಟದಿಂದ ಶುರು ಮಾಡ್ಬೇಡಿ, ನಾನು ಹಾಗೆ ಮಾಡಿ ಹತ್ತು ನಿಮಿಷಕ್ಕೆ ಬೋರಾಗಿ ಬಿಟ್ಟಿದ್ದೆ. ಕತೆ ಮೊದ್ಲೇ ಗೊತ್ತಿರುವ ಜಾಗ ಹಿಡೀರಿ.

ಕನ್ನಡ ಬೈಬಲಲ್ಲಿ ಮಾರ್ಕ 16, ಅಂದ್ರೆ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ತೆರೆದು ಪಕ್ಕಕ್ಕೆ ಇಟ್ಕೊಳ್ಳಿ. ಗೂಗಲ್ಲಲ್ಲಿ ಕೋಡೆಕ್ಸ್ ಸಿನೈಟಿಕಸ್ ಅಂತ ಹುಡುಕಿ, ಅದರದ್ದೇ ವೆಬ್‌ಸೈಟ್ ಉಂಟು. ಇದು 4ನೇ ಶತಮಾನದ ಗ್ರೀಕ್ ಬೈಬಲ್ ಕೈಬರಹ, ಪ್ರಾಣಿ ಚರ್ಮದ ಹಾಳೆ, ಈಗ ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತೆ ಸಿನಾಯಿಯ ಮಠ ಅಂತ ನಾಲ್ಕು ಕಡೆ ಹಂಚಿಹೋಗಿದೆ, 2009ರಲ್ಲಿ ಎಲ್ಲ ಒಟ್ಟು ಸೇರಿಸಿ ಆನ್‌ಲೈನ್ ಹಾಕಿದ್ರು. ಫೋನಿಗಿಂತ ಲ್ಯಾಪ್‌ಟಾಪ್ ಒಳ್ಳೇದು.

ಪುಸ್ತಕ, ಅಧ್ಯಾಯ, ವಚನ ಆರಿಸಿ. ಒಂದು ಪುಟಕ್ಕೆ ನಾಲ್ಕು ಕಾಲಮ್, ಶಬ್ದಗಳ ಮಧ್ಯೆ ಜಾಗವೇ ಇಲ್ಲ, ನಮ್ಮ ತಾಳೆಗರಿ ನೋಡಿದವರಿಗೆ ಇದು ಹೊಸತಲ್ಲ. ಚಿತ್ರದ ಪಕ್ಕದಲ್ಲಿರುವ ಟೈಪ್ ಮಾಡಿದ ಪಠ್ಯದಲ್ಲಿ ಒಂದು ಶಬ್ದ ಒತ್ತಿದ್ರೆ ಹಾಳೆಯಲ್ಲಿ ಅದು ಎಲ್ಲಿದೆ ಅಂತ ತೋರಿಸ್ತದೆ. 6ನೇ ವಚನದಲ್ಲಿ ಇಂಗ್ಲಿಷಿನ ಐ ಮತ್ತೆ ಎನ್ ಥರದ ಎರಡಕ್ಷರ, ಮೇಲೊಂದು ಗೆರೆ, ಅದೇ ಯೇಸುವಿನ ಹೆಸರು! ಪವಿತ್ರ ಹೆಸರುಗಳನ್ನು ಹಾಗೆ ಚುಟುಕು ಮಾಡಿ ಬರೀತಿದ್ರು.

ಈಗ 8ನೇ ವಚನಕ್ಕೆ ಬನ್ನಿ. ಯೇಸುವಿನ ಸಮಾಧಿಗೆ ಬಂದ ಹೆಂಗಸರು ಹೆದರಿ ಓಡ್ತಾರೆ, ಅಲ್ಲಿಗೆ ಮಾರ್ಕ ಮುಗೀತು. ಅಲಂಕಾರದ ಗೆರೆ, ಸುವಾರ್ತೆಯ ಹೆಸರು, ಉಳಿದದ್ದು ಖಾಲಿ, ಪಕ್ಕದ ಕಾಲಮ್ಮಲ್ಲಿ ಲೂಕ ಶುರು. ನಿಮ್ಮ ಬೈಬಲಲ್ಲಿ 20ರವರೆಗೆ ಉಂಟಲ್ಲಾ? ಅಷ್ಟೇ ಹಳೆಯ ವ್ಯಾಟಿಕನ್ ಪ್ರತಿಯಲ್ಲೂ ಮಾರ್ಕ ಇದೇ 8ನೇ ವಚನಕ್ಕೇ ನಿಲ್ತದೆ. ಆದ್ರೆ ಇದನ್ನು ಹಿಡ್ಕೊಂಡು ಪಾದ್ರಿಗಳ ಹತ್ರ ಜಗಳಕ್ಕೆ ಹೋಗ್ಬೇಡಿ, 9ರಿಂದ 20ರ ವಿಷಯ 2ನೇ ಶತಮಾನದ ಬಿಷಪ್ ಐರೇನಿಯಸನಿಗೂ ಗೊತ್ತಿತ್ತು.

ಇದಕ್ಕಿಂತ ಹಳೇದು ಬೇಕಾದ್ರೆ ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಲೈಬ್ರರಿಯ ಪಿ52 ಹುಡುಕಿ. ಪಪೈರಸ್ ಅಂದ್ರೆ ಜೊಂಡಿನಿಂದ ಮಾಡಿದ ಹಾಳೆ, ಅದರ ಒಂದು ಚೂರು, ಸುಮಾರು 9 ಸೆಂಟಿಮೀಟರ್ ಎತ್ತರ, 6 ಅಗಲ, ಎರಡೂ ಬದಿಯಲ್ಲಿ ಯೋಹಾನ 18ರಲ್ಲಿ ಪಿಲಾತ ಯೇಸುವನ್ನು ವಿಚಾರಣೆ ಮಾಡುವ ಭಾಗ. ವಾಟ್ಸಾಪಲ್ಲಿ ಇದು ಕ್ರಿ.ಶ. 125ರದ್ದೇ ಅಂತ ಫಾರ್ವರ್ಡ್ ಬರ್ತದೆ, ಚೂರಿನ ಮೇಲೆ ತಾರೀಕು ಎಂತದೂ ಇಲ್ಲ, ಅಕ್ಷರದ ಶೈಲಿ ನೋಡಿ ಅಂದಾಜು ಮಾಡಿದ್ದು. 2ನೇ ಶತಮಾನ ಅಂತ ಹೇಳಿದ್ರೆ ಸಾಕು, ಅದೂ ಕೆಲವರಿಗೆ ಒಪ್ಪಿಗೆ ಇಲ್ಲ.