ಮೊದಲು ಮರಿ, ಆಮೇಲೆ ನಾಮಕರಣ: ರುವಾಂಡಾದಲ್ಲಿ ನನ್ನ ಅನುಭವ

ರುವಾಂಡಾದಲ್ಲಿ ಗೊರಿಲ್ಲಾ ಮರಿಗಳಿಗೆ ಹೆಸರಿಡುವ ಸಮಾರಂಭ ಕ್ವಿಟಾ ಇಝಿನಾಕ್ಕೆ ಕನ್ನಡಿಗರ ತಂಡ ಕಟ್ಟುತ್ತೇನೆ ಎಂದಾಗ ಪ್ರವಾಸ ನಡೆಸುವ ನಮ್ಮ ಕಸುಬಿನವರೇ ನಕ್ಕಿದ್ದರು. ಗೊರಿಲ್ಲಾ ಮರಿಯ ನಾಮಕರಣಕ್ಕೆ ಮೂರು ಲಕ್ಷ ಸುರಿದು ಯಾರು ಬರುತ್ತಾರೆ ಎಂಬುದು ಅವರ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಬಂದರು, ಎಂಟೂ ಜನ ತೃಪ್ತಿಯಿಂದ ಮರಳಿದರು.

2019ರಲ್ಲಿ ಎಲ್ಲರಂತೆ ನಾನೂ ಮೊದಲು ಸಮಾರಂಭ, ಮರುದಿನ ಗೊರಿಲ್ಲಾ ನೋಡಲು ಕಾಡಿನ ಚಾರಣ ಎಂದು ಇಟ್ಟಿದ್ದೆ. ಜ್ವಾಲಾಮುಖಿಗಳ ರಾಷ್ಟ್ರೀಯ ಉದ್ಯಾನದ ಅಂಚಿನ ಕಿನಿಗಿಯ ಬಯಲಿನಲ್ಲಿ ಅಲ್ಲಿನ ಸಾಂಪ್ರದಾಯಿಕ ಇಂತೋರೆ ಕುಣಿತ, ಗೊರಿಲ್ಲಾ ವೇಷದ ಊರಿನ ಮಕ್ಕಳು, ಒಬ್ಬೊಬ್ಬರೇ ಅತಿಥಿಗಳು ಬಂದು ಹೆಸರು ಸಾರುವುದು, ಎಲ್ಲ ಚೆನ್ನಾಗಿಯೇ ಇತ್ತು. ನಡುವೆ ನಮ್ಮ ತಂಡದ ಒಬ್ಬ ಅಜ್ಜಿ, "ಮರಿ ಎಲ್ಲಪ್ಪಾ?" ಎಂದು ಕೇಳಿದರು. ಮರಿಗಳಿರುವುದು ಮೇಲಿನ ವಿರುಂಗಾ ಬೆಟ್ಟಗಳ ಕಾಡಿನಲ್ಲಿ. ತೊಟ್ಟಿಲಿಲ್ಲದ ನಾಮಕರಣ ಅವರಿಗೆ ಹಿಡಿಸಲಿಲ್ಲ. ಮರುದಿನ ನಮಗೆ ಸಿಕ್ಕ ಗೊರಿಲ್ಲಾ ಕುಟುಂಬದಲ್ಲಿ ಆ ವರ್ಷದ ಮರಿಯೇ ಇರಲಿಲ್ಲ. ಒಂದು ಗಂಟೆಯ ಭೇಟಿಗೆ ತಲೆಗೆ 1,500 ಡಾಲರ್ ಕೊಟ್ಟವರ ಮುಖ ಆಗ ಹೇಗಿತ್ತೆಂಬುದು ನನಗೆ ಈಗಲೂ ನೆನಪಿದೆ.

2024ರಲ್ಲಿ ಕ್ರಮ ತಿರುಗಿಸಿದೆ. ಆದರೆ ಅಲ್ಲಿ ಮಾರ್ಬರ್ಗ್ ಎಂಬ ಮಾರಕ ವೈರಸ್ ಜ್ವರ ಕಾಣಿಸಿಕೊಂಡು ಅಕ್ಟೋಬರ್‌ನ ಸಮಾರಂಭವೇ ಮುಂದಕ್ಕೆ ಹೋಯಿತು. ವಿಮಾನದ ಟಿಕೆಟ್‌ಗಳಲ್ಲೇ ಸುಮಾರು ಎರಡೂವರೆ ಲಕ್ಷ ಕೈಬಿಟ್ಟುಹೋಯಿತು. ರುವಾಂಡಾದ ಬೇರೆ ಉದ್ಯಾನಗಳಾದ ನ್ಯುಂಗ್ವೆ ಅಥವಾ ಅಕಗೇರಾದಲ್ಲಿ ಮೂರು ದಿನ ಇದ್ದರೆ ಗೊರಿಲ್ಲಾ ಭೇಟಿಯ ಪರ್ಮಿಟ್‌ಗೆ ಸಿಗುವ 30 ಶೇಕಡಾ ರಿಯಾಯಿತಿಯನ್ನೂ ಲೆಕ್ಕಕ್ಕೆ ಹಿಡಿದಿದ್ದೆ. ಅದು ನವೆಂಬರ್‌ನಿಂದ ಮೇವರೆಗೆ ಮಾತ್ರ ಎಂದು ತಿಳಿದದ್ದು ದರ ಹೇಳಿಯಾದ ಮೇಲೆ. ಆ ವ್ಯತ್ಯಾಸವನ್ನು ನಾನೇ ತುಂಬಿದೆ.

2025ರಲ್ಲಿ ಚಾರಣವನ್ನು ಸಮಾರಂಭಕ್ಕೆ ಎರಡು ದಿನ ಮೊದಲೇ ಇಟ್ಟೆ. ಒಂದು ಗೊರಿಲ್ಲಾ ಕುಟುಂಬದ ಬಳಿಗೆ ಎಂಟೇ ಜನರನ್ನು ಬಿಡುತ್ತಾರೆ, ಹಾಗಾಗಿ ಒಂಬತ್ತನೆಯವರಿಗೆ ಇಲ್ಲ ಎಂದೆ. ಬೆಳಗ್ಗೆ ಕಿನಿಗಿಯಲ್ಲಿ ಕುಟುಂಬ ಹಂಚುವಾಗ ಮರಿಯಿರುವುದನ್ನೇ ಕೇಳಿ ಪಡೆದೆ. ಯಾರನ್ನು, ಹೇಗೆ ಕೇಳಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರತಿಯೊಬ್ಬರಿಗೂ ಒಬ್ಬ ಹೊರೆಯಾಳು, ತಲಾ ಹತ್ತು ಹದಿನೈದು ಡಾಲರ್. ಇದರಲ್ಲಿ ಉಳಿತಾಯ ಮಾಡಬೇಡಿ. ಹಿಂದೆ ಇದೇ ಕಾಡಿನಲ್ಲಿ ಉರುಳು ಒಡ್ಡುತ್ತಿದ್ದವರೂ ಅವರಲ್ಲಿದ್ದಾರೆ. ಉದ್ಯಾನದ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಸುತ್ತಲಿನ ಊರುಗಳಿಗೆ ಹೋಗುತ್ತದೆ, ಆದರೆ ಕೂಲಿ ನೇರವಾಗಿ ಕೈ ಸೇರುತ್ತದೆ.

ಇನ್ನೊಂದು ಪ್ರಯೋಗ ಚಟ್ನಿಪುಡಿಯದು. ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ. ಮೊದಲ ಸಲ ಕಿಗಾಲಿ ವಿಮಾನ ನಿಲ್ದಾಣದಲ್ಲಿ ನಮ್ಮ ಕವರ್‌ಗಳೆಲ್ಲ ಹೋದವು. ಬಟ್ಟೆಯ ಚೀಲದಲ್ಲಿ ತುಂಬಿದರೆ ಎಣ್ಣೆ ಜಿನುಗಿತು. ಕೊನೆಗೆ ಸ್ಟೀಲ್ ಡಬ್ಬಿಯೇ ಗತಿಯಾಯಿತು. ಉದ್ಯಾನದ ಹತ್ತಿರದ ಮುಸಾಂಝೆ ಪಟ್ಟಣದ ಹೋಟೆಲಿನವರು ಬೇಯಿಸಿದ ಬಾಳೆಕಾಯಿಗೆ ಆ ಪುಡಿಯನ್ನೇ ಬೆರೆಸಿಕೊಂಡು ತಿಂದರು.

ಮಗು ಹುಟ್ಟಿದ ಎಂಟನೆಯ ದಿನ ಊರಿನ ಮಕ್ಕಳನ್ನು ಕರೆದು, ಉಣ್ಣಲು ಕೊಟ್ಟು, ಅವರಿಂದಲೂ ಹೆಸರು ಹೇಳಿಸುವುದು ಅಲ್ಲಿನ ಹಳೆಯ ಪದ್ಧತಿ. 2005ರಿಂದ ಅದೇ ಗೌರವ ಗೊರಿಲ್ಲಾ ಮರಿಗಳಿಗೂ ಸಲ್ಲುತ್ತಿದೆ. 2025ರಲ್ಲಿ ನಲವತ್ತು ಮರಿಗಳಿದ್ದವು. ನಮ್ಮ ತಂಡದ ನಿವೃತ್ತ ಶಿಕ್ಷಕಿಯೊಬ್ಬರು ಕಾಡಿನಲ್ಲೇ ತಾಯಿಯ ಹೆಸರನ್ನು ಕೇಳಿ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಿದ್ದರು. ವೇದಿಕೆಯಿಂದ ಆ ತಾಯಿಯ ಹೆಸರು ಕೇಳಿಸಿದೊಡನೆ, "ಅದು ನಮ್ಮದು!" ಎಂದು ಎದ್ದು ನಿಂತರು. ಮರಿಯ ಹೆಸರನ್ನು ಬರೆದು, ಅದರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಸೇರಿಸಿದರು: ಅಮ್ಮನ ಬೆನ್ನಿನಿಂದ ಎರಡು ಸಲ ಜಾರಿತು, ಎರಡು ಸಲವೂ ಹತ್ತಿತು.