ಅಲರ್ಜಿಗೆ ಏರ್ ಪ್ಯೂರಿಫೈಯರ್ ಕೊಳ್ಳುವ ಮುನ್ನ ಕೋಣೆ ಅಳೆಯಿರಿ

ಏರ್ ಪ್ಯೂರಿಫೈಯರ್ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ‘ಹೆಪಾ ಇದೆಯಾ?’ ಅಂತ, ಅಂದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್ ಇದೆಯಾ ಅಂತ. ಕೇಳಿ, ತಪ್ಪಿಲ್ಲ. ಆದರೆ ಅದಕ್ಕೂ ಮುಂಚೆ ಟೇಪು ಹಿಡಿದು ಮಲಗುವ ಕೋಣೆಯ ಉದ್ದ, ಅಗಲ, ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫಿಲ್ಟರ್ ಎಷ್ಟೇ ನಯವಾಗಿರಲಿ, ರಾತ್ರಿಯಿಡೀ ಅದರೊಳಗೆ ಸಾಕಷ್ಟು ಗಾಳಿ ಹಾಯದಿದ್ದರೆ ಬೆಳಗಿನ ಸೀನು ನಿಲ್ಲುವುದಿಲ್ಲ. ಹಜಾರದಲ್ಲಿ ಅಲಂಕಾರಕ್ಕೆ ಇಟ್ಟ ಯಂತ್ರ ಮಲಗುವ ಕೋಣೆಯ ಮೂಗಿಗೆ ಏನೂ ಮಾಡದು. ಒಂದೇ ಯಂತ್ರ ಕೊಳ್ಳುವ ಶಕ್ತಿ ಇದ್ದರೆ ಅದು ಅಲರ್ಜಿ ಇರುವವರು ಮಲಗುವ ಕೋಣೆಗೇ ಹೋಗಬೇಕು. ದಿನದಲ್ಲಿ ಏಳೆಂಟು ಗಂಟೆ ಒಂದೇ ಕಡೆ ಉಸಿರಾಡುವ ಜಾಗ ಅದೊಂದೇ.

ಯಂತ್ರ ನಿಮಿಷಕ್ಕೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು ಸಿಎಡಿಆರ್ ಎಂಬ ಅಂಕಿ ಹೇಳುತ್ತದೆ. ಅಲರ್ಜಿಗೆ ಕೋಣೆಯ ಗಾಳಿ ಗಂಟೆಗೆ ಐದು ಸಲವಾದರೂ ಫಿಲ್ಟರ್ ದಾಟಬೇಕು ಎಂದಿಟ್ಟುಕೊಳ್ಳಿ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಇದ್ದರೆ ಒಟ್ಟು 1,200 ಘನ ಅಡಿ ಗಾಳಿ. ಐದರಿಂದ ಗುಣಿಸಿದರೆ 6,000, ಅದನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ 100 ಘನ ಅಡಿ. ಡಬ್ಬದ ಮೇಲೆ 100 ಸಿಎಫ್‌ಎಂ ಎಂದು ಕಾಣುವುದು ಇದೇ. ಕೆಲವರು ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತಾರೆ. ಸಿಎಫ್‌ಎಂ ಅಂಕಿಯನ್ನು 1.7ರಿಂದ ಗುಣಿಸಿದರೆ ಅದು ಸಿಗುತ್ತದೆ, ಅಂದರೆ ಇಲ್ಲಿ 170. ‘ಚದರ ಅಡಿಯ ಮೂರನೇ ಎರಡು ಭಾಗ’ ಎಂಬ ಸುಲಭ ಲೆಕ್ಕವೂ ಚಾಲ್ತಿಯಲ್ಲಿದೆ. ಅದು 8 ಅಡಿ ಎತ್ತರದ ಸೂರಿಗೆ ಮಾಡಿದ ಲೆಕ್ಕ. ಎತ್ತರದ ಕೋಣೆಗೆ ಅದನ್ನೇ ಹಾಕಿದರೆ ಇದೇ ಕೋಣೆಗೆ 80 ಎಂದು ಬರುತ್ತದೆ, ಐದನೇ ಒಂದು ಪಾಲು ಕಡಿಮೆ ಬಿತ್ತು. ‘ಇಷ್ಟು ಚದರ ಅಡಿಗೆ ಸಾಕು’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದನ್ನಂತೂ ನಂಬಬೇಡಿ. ಗಂಟೆಗೆ ಒಂದೋ ಎರಡೋ ಸಲ ಗಾಳಿ ತಿರುಗಿದರೆ ಸಾಕೆಂದು ಲೆಕ್ಕ ಹಾಕಿ ಬರೆದದ್ದೂ ಇರುತ್ತದೆ.

ಇನ್ನೊಂದು ಮೋಸ ಶಬ್ದದಲ್ಲಿದೆ. ಸಿಎಡಿಆರ್ ಅಳೆಯುವುದು ಫ್ಯಾನು ಅತಿ ಜೋರಾಗಿ ಓಡುವಾಗ. ಆ ಗದ್ದಲದಲ್ಲಿ ಯಾರೂ ಮಲಗುವುದಿಲ್ಲ. ಮೊದಲ ರಾತ್ರಿಯೇ ಸಣ್ಣ ವೇಗಕ್ಕೆ ಇಳಿಸುತ್ತಾರೆ, ಆಗ ಬರುವ ಗಾಳಿ ಹೇಳಿದ್ದರ ಕಾಲು ಭಾಗವೂ ಇರಲಿಕ್ಕಿಲ್ಲ. ಹಾಗಾಗಿ ಲೆಕ್ಕದಲ್ಲಿ 100 ಬಂದರೆ 200 ಸಿಎಫ್‌ಎಂ ಕೊಡುವ ಯಂತ್ರ ತಂದು ನಡು ವೇಗದಲ್ಲಿ ಓಡಿಸಿ. ಸಣ್ಣ ಯಂತ್ರವನ್ನು ದಣಿಸುವುದಕ್ಕಿಂತ ದೊಡ್ಡದನ್ನು ಆರಾಮಾಗಿ ಓಡಿಸುವುದು ಕಿವಿಗೂ ಹಿತ, ಮೂಗಿಗೂ ಹಿತ.

ಈಗ ಹೆಪಾ ವಿಷಯ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಮೆರಿಕದ ಅಳತೆಯಲ್ಲಿ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 99.97 ಶೇಕಡಾ ಹಿಡಿದರೆ ಅದು ಹೆಪಾ. ಯುರೋಪಿನ ಅಳತೆಯಲ್ಲಿ ಎಚ್13 ಎಂಬ ಹೆಪಾ ದರ್ಜೆ ಎಂದರೆ 99.95 ಶೇಕಡಾ. ‘ಹೆಪಾ ತರಹದ್ದು’, ‘ಹೆಪಾ ಮಾದರಿ’ ಎಂದು ಬರೆದಿದ್ದರೆ ಆ ಅಳತೆಯ ಹೊಣೆಯನ್ನು ಯಾರೂ ಹೊತ್ತಿಲ್ಲ ಎಂದರ್ಥ. ಈ 0.3 ಎಂಬ ಅಂಕಿ ಕಂಡು ಅದಕ್ಕಿಂತ ಸಣ್ಣದೆಲ್ಲ ನುಸುಳಿ ಹೋಗುತ್ತದೆ ಎಂದುಕೊಳ್ಳುವವರಿದ್ದಾರೆ. ಫಿಲ್ಟರ್ ಹಿಟ್ಟಿನ ಜರಡಿಯಂತಲ್ಲ. ದೊಡ್ಡ ಕಣ ನಾರಿಗೆ ನೇರ ಬಡಿದು ಅಂಟುತ್ತದೆ, ಅತಿ ಸಣ್ಣದು ಅಡ್ಡಾದಿಡ್ಡಿ ಓಲಾಡುತ್ತ ಯಾವುದೋ ನಾರಿಗೆ ತಾಗುತ್ತದೆ. ಎರಡರ ನಡುವಿನ ಸುಮಾರು 0.3 ಮೈಕ್ರಾನಿನದೇ ತಪ್ಪಿಸಿಕೊಳ್ಳುವುದರಲ್ಲಿ ಜಾಣ. ಅದಕ್ಕೇ ಪರೀಕ್ಷೆ ಅಲ್ಲಿ ಮಾಡುವುದು. ನಮ್ಮನ್ನು ಸೀನಿಸುವ ಹೂವಿನ ಪರಾಗವಾದರೋ ಬಹುಪಾಲು 10ರಿಂದ 100 ಮೈಕ್ರಾನ್ ಇರುವ ದಪ್ಪ ಕಣ. ಎಚ್13 ಇದ್ದರೆ ಧಾರಾಳವಾಯಿತು. ಅದಕ್ಕೂ ಮೇಲಿನ ದರ್ಜೆಯ ಎಚ್14ಕ್ಕೆಂದು ಹೆಚ್ಚು ದುಡ್ಡು ಸುರಿಯುವ ಬದಲು ಅದನ್ನು ಸಿಎಡಿಆರ್ ಹೆಚ್ಚಿರುವ ಯಂತ್ರಕ್ಕೆ ಹಾಕಿ.

ಅಲರ್ಜಿ ಯಾವುದರದ್ದು ಎಂಬುದರ ಮೇಲೂ ಫಲ ನಿಂತಿದೆ. ಬೆಕ್ಕಿನ ಅಲರ್ಜಿ ತರುವ ವಸ್ತು ಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಅಲ್ಲಿ ಯಂತ್ರಕ್ಕೆ ಕೆಲಸವಿದೆ. ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ನುಸಿಯದ್ದು ಹಾಗಲ್ಲ. ಅದರ ಹಿಕ್ಕೆಯ ಕಣ ಭಾರ. ಹಾಸಿಗೆ ಕೊಡವಿದಾಗ ಎದ್ದು ಅರ್ಧ ಗಂಟೆಯೊಳಗೆ ಮತ್ತೆ ಕೂತುಬಿಡುತ್ತದೆ. ದಿಂಬಿನೊಳಗೆ ಕೂತದ್ದನ್ನು ಯಾವ ಯಂತ್ರವೂ ಎಳೆದು ತೆಗೆಯದು. ನುಸಿಯ ಅಲರ್ಜಿ ಎಂದು ಗೊತ್ತಿದ್ದರೆ ಮೊದಲ ದುಡ್ಡು ಜಿಪ್ ಇರುವ ಹಾಸಿಗೆ-ದಿಂಬಿನ ಗವಸಿಗೆ, ಆಮೇಲೆ ಯಂತ್ರಕ್ಕೆ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಒಗೆಯಿರಿ, ಕೋಣೆಯ ತೇವಾಂಶ 50 ಶೇಕಡಾ ದಾಟದಂತೆ ನೋಡಿಕೊಳ್ಳಿ. ಗೋಡೆ ಒಸರಿ ಬೂಷ್ಟು ಹಿಡಿದಿದ್ದರೆ ಮೊದಲು ಒಸರು ನಿಲ್ಲಿಸಿ.

ಯಂತ್ರದ ಆಟೋ ಗುಂಡಿಯನ್ನು ಅಲರ್ಜಿಯವರು ನೆಚ್ಚಬಾರದು. ಒಳಗಿರುವ ಸೆನ್ಸರ್ ಹೆಚ್ಚಾಗಿ ಹೊಗೆಯಂಥ ಸಣ್ಣ ಕಣಗಳನ್ನು ಎಣಿಸಲು ಹೊಂದಿಸಿದ್ದು. ಪರಾಗದಂಥ ದಪ್ಪ ಕಣ ಅದರ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಹಸಿರು ದೀಪ ಉರಿಯುತ್ತಿರುತ್ತದೆ, ಫ್ಯಾನು ಮಲಗಿರುತ್ತದೆ, ನೀವು ಸೀನುತ್ತಿರುತ್ತೀರಿ. ವೇಗ ನೀವೇ ನಿಗದಿ ಮಾಡಿ ಬಿಡಿ. ಮಲಗುವ ಒಂದು ಗಂಟೆ ಮೊದಲು ಕಿಟಕಿ ಬಾಗಿಲು ಮುಚ್ಚಿ ಜೋರಾಗಿ ಓಡಿಸಿ, ಮಲಗುವಾಗ ನಡು ವೇಗಕ್ಕೆ ಇಳಿಸಿ. ಕಸ ಗುಡಿಸುವಾಗ ಮತ್ತು ಗುಡಿಸಿದ ಮೇಲೆ ಅರ್ಧ ಗಂಟೆ ಮತ್ತೆ ಜೋರು.

ವಾಸನೆಗೆಂದು ಕೊಡುವ ಕರಿ ಕಾರ್ಬನ್ ಹಾಳೆ ಧೂಳಿಗೆ ಸಂಬಂಧಿಸಿದ್ದಲ್ಲ, ತೆಳು ಹಾಳೆಯಾದರೆ ವಾಸನೆಗೂ ಬಹಳ ದಿನ ಬಾಳದು. ಗಾಳಿಯ ಕಣಗಳಿಗೆ ವಿದ್ಯುತ್ ಹತ್ತಿಸುವ ಅಯಾನೈಸರ್ ಇದ್ದರೆ ಅದನ್ನು ಬೇರೆಯಾಗಿ ಆರಿಸುವ ಗುಂಡಿ ಇದೆಯೇ ನೋಡಿ, ಆರಿಸಿಯೇ ಇಡಿ. ಅದು ಓಝೋನ್ ಅನಿಲ ಬಿಡಬಹುದು, ಉಬ್ಬಸದವರಿಗೆ ಓಝೋನ್ ಆಗುವುದಿಲ್ಲ. ಓಝೋನನ್ನೇ ಹುಟ್ಟಿಸಿ ಗಾಳಿ ಶುದ್ಧ ಮಾಡುತ್ತೇವೆನ್ನುವ ಯಂತ್ರವನ್ನು ಮನೆಯೊಳಗೆ ತರಲೇಬೇಡಿ.

ಯಂತ್ರ ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಮುಚ್ಚಳ ತೆಗೆದು ನೋಡುವುದು. ಹೊಸ ಫಿಲ್ಟರ್ ಪ್ಲಾಸ್ಟಿಕ್ ಚೀಲದಲ್ಲೇ ಒಳಗೆ ಕೂತಿರುತ್ತದೆ, ಹಾಗೆಯೇ ತಿಂಗಳುಗಟ್ಟಲೆ ಓಡಿಸಿದವರು ಕಡಿಮೆಯಿಲ್ಲ. ಚೀಲ ತೆಗೆದು, ಎಳೆಯುವ ಪಟ್ಟಿ ನಿಮ್ಮ ಕಡೆಗೆ ಬರುವಂತೆ ಹಾಕಿ ನಾಲ್ಕೂ ಮೂಲೆ ಒತ್ತಿ. ತಿಂಗಳಾದ ಮೇಲೆ ಹೊರಗೆಳೆದು ಗಾಳಿ ಹೊರಡುವ ಕಡೆಯ ಅಂಚು ನೋಡಿ. ನೆರಿಗೆಗಳು ಬೆಳ್ಳಗಿದ್ದು, ಅಂಚಿನ ಸ್ಪಂಜಿನ ಉದ್ದಕ್ಕೂ ಒಂದೇ ಕಡೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ ಕಂಡರೆ ಗಾಳಿ ಫಿಲ್ಟರ್ ದಾಟದೆ ಸಂದಿಯಲ್ಲಿ ನುಸುಳುತ್ತಿದೆ. ಗಾಳಿ ಸಲೀಸಾದ ದಾರಿಯನ್ನೇ ಹುಡುಕುತ್ತದೆ, ಎಷ್ಟು ಬೆಲೆಯ ಫಿಲ್ಟರ್ ಆದರೂ ಸಂದಿ ಬಿಟ್ಟರೆ ದಂಡ. ಸ್ಪಂಜು ಮಡಚಿಕೊಂಡಿದ್ದರೆ ಬಿಡಿಸಿ, ಸವೆದಿದ್ದರೆ ಬಾಗಿಲಂಚಿಗೆ ಅಂಟಿಸುವ ಸ್ಪಂಜು ಟೇಪು ತಂದು ಅಂಟಿಸಿ. ಯಂತ್ರವನ್ನು ಗೋಡೆಯಿಂದ ಒಂದೂವರೆ ಅಡಿ ದೂರ, ಪರದೆಗೂ ಮಂಚದ ಅಡಿಗೂ ಸಿಕ್ಕದಂತೆ ಇಡಿ.

ಯಂತ್ರದ ಮುಂಭಾಗದ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ ಅಥವಾ ವ್ಯಾಕ್ಯೂಮ್ ಮಾಡಿ. ತೊಳೆದರೆ ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ಹಾಕಿ. ಹಸಿ ಜಾಲರಿ ಹಾಕಿದರೆ ಹಿಂದಿನ ಫಿಲ್ಟರ್‌ಗೆ ತೇವ ತಗುಲಿ ಮುಗ್ಗಲು ವಾಸನೆ ಶುರುವಾಗುತ್ತದೆ, ಅಲ್ಲಿಗೆ ಬೂಷ್ಟು ಬೆಳೆಸುವ ಪೆಟ್ಟಿಗೆ ತಂದಂತಾಯಿತು. ತೊಳೆಯಬಹುದು ಎಂದು ಬರೆದಿಲ್ಲದ ಹೆಪಾಗೆ ನೀರು ಸೋಕಿಸಬೇಡಿ. ನಾರು ಒದ್ದೆಯಾದರೆ ಹಿಡಿಯುವ ಗುಣ ಹೋಗುತ್ತದೆ, ಒಣಗಿಸಿದರೂ ಮರಳದು.

ಸ್ಪ್ಲಿಟ್ ಏಸಿಯೊಳಗಿನ ಜಾಲರಿ ನೂಲು, ಕೂದಲು ಹಿಡಿಯುವಷ್ಟಕ್ಕೇ ಸರಿ. ಅದರ ಮೇಲೆ ದಪ್ಪ ಫಿಲ್ಟರ್ ಹಾಳೆ ಅಂಟಿಸಿದರೆ ಗಾಳಿ ಉಸಿರುಕಟ್ಟಿ ಒಳಗಿನ ತಂಪು ಕೊಳವೆಗಳ (ಕಾಯಿಲ್) ಮೇಲೆ ಮಂಜುಗಟ್ಟುತ್ತದೆ, ಕರಗಿದಾಗ ಗೋಡೆಯ ಮೇಲೆ ನೀರು ಸುರಿಯುತ್ತದೆ. ಇಡೀ ಮನೆಗೆ ಕೊಳವೆಯಲ್ಲಿ ಗಾಳಿ ಬರುವ ವ್ಯವಸ್ಥೆ ಇದ್ದವರು ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂದು ಹೇಳುವ ಮೆರ್ವ್ ಎಂಬ ಅಂಕಿ ನೋಡಬೇಕು. ಮೆರ್ವ್ 8 ದಪ್ಪ ಧೂಳಿಗೆ. ಮೆರ್ವ್ 13 ಅಲರ್ಜಿಯವರಿಗೆ ಒಳ್ಳೆಯದು. ಆದರೆ ಒಂದಿಂಚಿನ ಚೌಕಟ್ಟಿನಲ್ಲಿ 13 ಹಾಕಿದರೆ ಫ್ಯಾನಿಗೆ ಹೊರೆ, ನಾಲ್ಕಿಂಚಿನದಾದರೆ ನೆರಿಗೆ ಹೆಚ್ಚಿ ಗಾಳಿ ಸಲೀಸು. ಚೌಕಟ್ಟಿನ ಬಾಣ ಗಾಳಿ ಹೋಗುವ ದಿಕ್ಕಿಗಿರಲಿ.

ಯಂತ್ರದ ಬೆಲೆಯ ಜೊತೆಗೇ ಬದಲಿ ಫಿಲ್ಟರ್ ಬೆಲೆಯನ್ನೂ, ಅದು ಸಲೀಸಾಗಿ ಸಿಗುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷಕ್ಕೆ ಬದಲಾಯಿಸಬೇಕು. ಬದಲಾಯಿಸುವ ದೀಪ ಬಹಳಷ್ಟು ಯಂತ್ರಗಳಲ್ಲಿ ಓಡಿದ ಗಂಟೆಗಳನ್ನಷ್ಟೇ ಎಣಿಸುತ್ತದೆ, ಕೊಳೆಯನ್ನಲ್ಲ. ಅದೇ ವೇಗದಲ್ಲಿ ಮೊದಲಿಗಿಂತ ಗಾಳಿ ಕಡಿಮೆ ಬರುತ್ತಿದ್ದು ನೆರಿಗೆ ಬೂದು ಬಣ್ಣ ತಿರುಗಿದ್ದರೆ ದೀಪಕ್ಕೆ ಕಾಯಬೇಡಿ. ಹಳೆಯದನ್ನು ತೆಗೆಯುವುದು ಅಲರ್ಜಿ ಇಲ್ಲದವರ ಕೆಲಸ: ಮಾಸ್ಕ್ ಹಾಕಿಕೊಂಡು, ಯಂತ್ರದ ಬಾಯಿಗೇ ಕಸದ ಚೀಲ ಹಿಡಿದು ಫಿಲ್ಟರನ್ನು ಅದರೊಳಕ್ಕೆ ಸರಿಸಿ, ಕೊಡವದೆ ಬಾಯಿ ಕಟ್ಟಿ ಹೊರಗೆ ಒಯ್ಯಿರಿ. ಹೊಸದನ್ನು ಹಾಕಿದ ಮೇಲೆ ರೀಸೆಟ್ ಗುಂಡಿಯನ್ನು ದೀಪ ಆರುವವರೆಗೆ ಒತ್ತಿ ಹಿಡಿಯಿರಿ, ಹಾಕಿದ ತಾರೀಕನ್ನು ಚೌಕಟ್ಟಿನ ಅಂಚಿನ ಮೇಲೆ ಪೆನ್ನಿನಲ್ಲಿ ಬರೆದಿಡಿ.